ಹೆಸರಲ್ಲೇ ನಾಡನ್ನು ಹೊತ್ತ ಅಮೀರ್‌ಬಾಯಿ

ಭಾನುವಾರ ಕೋಠಿಯ ಫುಟ್‌ಪಾತ್‌ನಲ್ಲಿ ಹಳೇ ಪುಸ್ತಕ ಹುಡುಕುವ ಚಟ ನನಗಿದೆ. ಅಂಥ ಒಂದು ಭಾನುವಾರ ಸುಲ್ತಾನ್ ಬಜಾರ್ ಮೆಟ್ರೋದಲ್ಲಿ ಮನೆಗೆ ಮರಳುವಾಗ ಮೊಬೈಲ್‌ನಲ್ಲಿ ಹಳೆಯ ಹಿಂದಿ ಹಾಡೊಂದು ಬಂತು. ಗಾಯಕಿಯ ಹೆಸರು ನೋಡಿದರೆ ಅಮೀರ್‌ಬಾಯಿ ಕರ್ನಾಟಕಿ! ನಮ್ಮವರೇ ಎಂದು ಮನಸ್ಸು ಕುಣಿಯಿತು. ಅವರ ಬಗ್ಗೆ ಓದುತ್ತಾ ಹೋದೆ.

ಅಮೀರ್‌ಬಾಯಿ ವಿಜಯಪುರ ಜಿಲ್ಲೆಯ ಬೀಳಗಿಯವರು. (ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ.) ಹಾಡು, ನಾಟಕ ಎರಡೂ ಇದ್ದ ಮನೆತನ. ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಹೆಸರು ಮಾಡಿದವರು. ತಂಗಿ ಮುಂಬಯಿಗೆ ಹೋಗಿ 1934ರ ‘ವಿಷ್ಣುಭಕ್ತಿ’ಯಿಂದ ಸಿನಿಮಾಕ್ಕೆ ಕಾಲಿಟ್ಟರು. ಆಗ ನಟಿಯೇ ಹಾಡಬೇಕಿದ್ದ ಕಾಲ. ಅವರಿಗೆ ಎರಡೂ ಬರುತ್ತಿತ್ತು. 1940ರ ‘ನರಸೀ ಭಗತ್’ನಲ್ಲಿ ‘ವೈಷ್ಣವ ಜನತೋ’ ಭಜನೆಯನ್ನು ಹಾಡಿದ್ದೂ ಈ ಮುಸ್ಲಿಂ ಹೆಣ್ಣುಮಗಳೇ.

ಮನೆಮಾತಾದದ್ದು 1943ರ ‘ಕಿಸ್ಮತ್’ನಿಂದ. ಅನಿಲ್ ಬಿಸ್ವಾಸ್ ಸಂಗೀತ, ಪ್ರದೀಪ್ ಸಾಹಿತ್ಯ, ತೆರೆಯ ಮೇಲೆ ಅಶೋಕ್ ಕುಮಾರ್, ಮುಮ್ತಾಜ್ ಶಾಂತಿ. ಮೋಡವನ್ನು ಮೆಲ್ಲಗೆ ಬಾ ಎಂದು ಕರೆಯುವ ಜೋಗುಳದಂಥ ಹಾಡೂ ಅವರದೇ, ಪರಕೀಯರನ್ನು ದೂರ ಸರಿಯಿರೆಂದು ಎಚ್ಚರಿಸುವ ದೇಶಭಕ್ತಿ ಗೀತೆಯ ಹೆಣ್ಣುದನಿಯೂ ಅವರದೇ. ಕಲ್ಕತ್ತದ ರಾಕ್ಸಿ ಚಿತ್ರಮಂದಿರದಲ್ಲಿ ಈ ಸಿನಿಮಾ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಮರುವರ್ಷ ನೌಷಾದರ ‘ರತನ್’ನಲ್ಲೂ ಅವರ ಹಾಡು ಜನಪ್ರಿಯವಾಯಿತು. 1948ರಲ್ಲಿ ‘ಶೆಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನೀಡಿದರು. ಆ ಕುರ್ಚಿಯಲ್ಲಿ ಅಂದು ಕುಳಿತ ಹೆಂಗಸರು ಬೆರಳೆಣಿಕೆಯಷ್ಟು.

1950ರ ‘ಸಮಾಧಿ’ಯಲ್ಲಿ ಸಿ. ರಾಮಚಂದ್ರರ ಸಂಗೀತಕ್ಕೆ ಲತಾ ಮಂಗೇಶ್ಕರ್ ಜೊತೆ ‘ಗೋರೇ ಗೋರೇ’ ಹಾಡಿದರು. ಅದರ ಧಾಟಿಗೆ ಸ್ಫೂರ್ತಿ ಅಮೆರಿಕದ ‘ಡಾಲ್ ಫೇಸ್’ ಚಿತ್ರದ ಹಾಡು. ಇಂದು ಕೇಳಿದರೆ ಹಳೇ ಕಾಲ, ಹೊಸ ಕಾಲ ಎರಡೂ ಒಂದೇ ಮೈಕ್ ಮುಂದೆ ನಿಂತಂತೆ ಅನ್ನಿಸುತ್ತದೆ. ಲತಾ ಯುಗ ಶುರುವಾಯಿತು. ಅಮೀರ್‌ಬಾಯಿಗೆ ಹಾಡುಗಳು ಕಡಿಮೆಯಾದವು. ಅವರು ಸಣ್ಣಪುಟ್ಟ ಪಾತ್ರಗಳಲ್ಲಿ ನಟಿಸುತ್ತಾ ದುಡಿಮೆ ಮುಂದುವರಿಸಿದರು.

ಮನೆಯೊಳಗಿನ ಬದುಕು ಸುಲಭವಿರಲಿಲ್ಲ. ಮೊದಲ ಮದುವೆಯಲ್ಲಿ ಹಿಂಸೆ ಉಂಡರು, ಅದರಿಂದ ಹೊರಬಂದರು, ಮತ್ತೆ ಸಂಸಾರ ಕಟ್ಟಿಕೊಂಡರು. ಆ ಕಾಲದ ಹೆಣ್ಣಿಗೆ ಇದು ಹಿಟ್ ಹಾಡಿಗಿಂತ ದೊಡ್ಡ ಸಾಧನೆ ಎಂದೇ ನನ್ನ ಭಾವನೆ. ಗಳಿಸಿದ್ದರಲ್ಲಿ ವಿಜಯಪುರದಲ್ಲಿ ‘ಅಮೀರ್ ಟಾಕೀಸ್’ ಕಟ್ಟಿಸಿ ತವರನ್ನೂ ನೆನೆದರು. 1965ರಲ್ಲಿ ತೀರಿಕೊಂಡರು. ಮುಂದೆ ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆ ಬರೆದು ಕನ್ನಡಿಗರಿಗೆ ಮತ್ತೆ ಪರಿಚಯಿಸಿದರು.

ನನ್ನನ್ನು ತಟ್ಟಿದ್ದು ಇನ್ನೊಂದು ವಿಷಯ. ‘ಕಿಸ್ಮತ್’ ಬಂದಾಗ ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿತ್ತು. ಬೀದರ್, ಕಲಬುರಗಿ, ರಾಯಚೂರು ನಮ್ಮ ಹೈದರಾಬಾದಿನ ನಿಜಾಮರ ಕೈಯಲ್ಲಿದ್ದವು. ಏಕೀಕರಣವಾದದ್ದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ಅವರು ಹೋಗಿ ಎಂಟು ವರ್ಷದ ನಂತರ. ನಕ್ಷೆಯಲ್ಲಿ ಇಲ್ಲದ ನಾಡನ್ನು ಅವರು ಗ್ರಾಮಫೋನ್ ತಟ್ಟೆಯ ಮೇಲೆ ಅಚ್ಚು ಹಾಕಿಸಿ ದೇಶಕ್ಕೆಲ್ಲ ಕೇಳಿಸಿದ್ದರು.

ಕೋಠಿಯಲ್ಲಿ ತೆಲುಗು, ಉರ್ದು, ಹಿಂದಿ ಮಾತಾಡುತ್ತಲೇ ದಿನ ಕಳೆಯುವ ನಮಗೂ ಇದರಲ್ಲಿ ಒಂದು ಪಾಠವಿದೆ. ಹಾಡಿದ ಭಾಷೆ ಯಾವುದಾದರೇನು, ಹೆಸರಿನ ಕೊನೆಯಲ್ಲಿ ಅವರು ತವರನ್ನು ಬಿಡಲಿಲ್ಲ. ಇಂದು ರಾತ್ರಿ ಅಡುಗೆ ಕೆಲಸ ಮುಗಿದ ಮೇಲೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮೀರ್‌ಬಾಯಿಯ ಒಂದು ಹಾಡು ಕೇಳಿಸಿ. ಹಾಡಿದ್ದು ನಮ್ಮ ಬೀಳಗಿಯವರು ಎಂದು ಹೇಳಲು ಮರೆಯಬೇಡಿ.