ಕಾಣದ ಬೆಳಕನ್ನು ಕಂಡ ಸ್ಟೋಕ್ಸ್

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳು ಕೆರೆ, ಕಾಡು, ಗದ್ದೆಗಳ ನಾಡು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮಲೆನಾಡಿನ ಇತರ ಭಾಗಗಳಂತೆ ಈ ಸೀಮೆಯನ್ನೂ ಮಲೇರಿಯಾ ಕಾಡಿತ್ತು. ಆ ಚಳಿಜ್ವರಕ್ಕೆ ಅಂದಿನ ಮುಖ್ಯ ಮದ್ದು ಕ್ವಿನೈನ್. ಸಿಂಕೋನಾ ಮರದ ತೊಗಟೆಯಿಂದ ತೆಗೆದ ಆ ಬಿಳಿಯ ಪುಡಿ ನಾಲಗೆಗೆ ಬಲು ಕಹಿ. ಅದರ ಕಹಿಯನ್ನು ಬಲ್ಲವರು ಅಸಂಖ್ಯಾತರು. ಆದರೆ ಅದರಲ್ಲಿ ಅಡಗಿದ್ದ ಬೆಳಕಿನ ಗುಟ್ಟನ್ನು ಬಿಡಿಸಿದವನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ. ಆ ಗುಟ್ಟೇ ಇಂದು ಶಸ್ತ್ರವೈದ್ಯನಿಗೆ ದಾರಿ ತೋರುವ ದೀಪವಾಗಿದೆ.

ಸ್ಟೋಕ್ಸನು 1819ರ ಆಗಸ್ಟ್ 13ರಂದು ಐರ್ಲೆಂಡಿನ ಸ್ಕ್ರೀನ್ ಎಂಬ ಹಳ್ಳಿಯಲ್ಲಿ ಜನಿಸಿದನು. ಅವನ ತಂದೆ ಅಲ್ಲಿನ ಚರ್ಚಿನ ಪಾದ್ರಿ. ಮನೆಯ ಮಕ್ಕಳಲ್ಲಿ ಸ್ಟೋಕ್ಸನೇ ಕಿರಿಯವನು. ಹದಿನೈದು ವರ್ಷ ತುಂಬುವಷ್ಟರಲ್ಲಿ ತಂದೆಯನ್ನು ಕಳೆದುಕೊಂಡರೂ ಅವನ ವಿದ್ಯಾಭ್ಯಾಸ ನಿಲ್ಲಲಿಲ್ಲ. 1837ರಲ್ಲಿ ಕೇಂಬ್ರಿಜ್ಜಿನ ಪೆಂಬ್ರೋಕ್ ಕಾಲೇಜನ್ನು ಸೇರಿ, 1841ರಲ್ಲಿ ಗಣಿತದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲಿಗನಾಗಿ ತೇರ್ಗಡೆಯಾದನು. 1849ರಲ್ಲಿ, ಹಿಂದೊಮ್ಮೆ ನ್ಯೂಟನ್ ಅಲಂಕರಿಸಿದ್ದ ಲೂಕೇಸಿಯನ್ ಪ್ರಾಧ್ಯಾಪಕ ಪೀಠ ಅವನಿಗೆ ದೊರೆಯಿತು. ಪೀಠದ ಕೀರ್ತಿ ದೊಡ್ಡದಾದರೂ ಸಂಬಳ ಅಲ್ಪ. ಆದುದರಿಂದ ಅವನು ಲಂಡನ್ನಿನ ಗಣಿವಿದ್ಯಾ ಶಾಲೆಯಲ್ಲಿಯೂ ಪಾಠ ಹೇಳಬೇಕಾಯಿತು.

ಆಮ್ಲ ಬೆರೆಸಿದ ನೀರಿನಲ್ಲಿ ಕರಗಿಸಿದ ಕ್ವಿನೈನ್ ನೋಟಕ್ಕೆ ತಿಳಿನೀರಿನಂತೆಯೇ ಇರುತ್ತದೆ. ಆದರೆ ಬಿಸಿಲಿನಲ್ಲಿ ಹಿಡಿದರೆ, ಬೆಳಕು ಒಳಹೊಗುವ ಕಡೆಯಲ್ಲಿ ಸೊಗಸಾದ ನೀಲಿ ಹೊಳಪು ಮೂಡುತ್ತದೆ. 1845ರಲ್ಲಿ ಜಾನ್ ಹರ್ಷೆಲ್ ಇದನ್ನು ವರ್ಣಿಸಿದ್ದನು. ಕಾರಣ ಮಾತ್ರ ತಿಳಿದಿರಲಿಲ್ಲ. ಸ್ಟೋಕ್ಸನು ಸೂರ್ಯನ ಕಿರಣವನ್ನು ಕತ್ತಲೆಯ ಕೋಣೆಗೆ ಬಿಟ್ಟು, ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಆ ಬಣ್ಣಗಳ ಸಾಲಿನಲ್ಲಿ ಕ್ವಿನೈನ್ ತುಂಬಿದ ಕೊಳವೆಯನ್ನು ಮೆಲ್ಲನೆ ಸರಿಸಿದನು. ಕೆಂಪು, ಹಳದಿ, ಹಸಿರುಗಳಲ್ಲಿ ಏನೂ ಸಂಭವಿಸಲಿಲ್ಲ. ನೇರಳೆಯ ಅಂಚು ಬಂದೊಡನೆ ನೀಲಿ ಹೊಳಪು ಕಾಣಿಸಿಕೊಂಡಿತು. ನೇರಳೆಯನ್ನು ದಾಟಿ, ಕಣ್ಣಿಗೆ ಬರಿಯ ಕತ್ತಲೆಯಾಗಿದ್ದ ಎಡೆಯಲ್ಲಿಯೂ ಕೊಳವೆ ಹೊಳೆಯುತ್ತಲೇ ಇತ್ತು!

ಅದರ ಅರ್ಥವನ್ನು ಸ್ಟೋಕ್ಸನು ಗ್ರಹಿಸಿದನು. ಕ್ವಿನೈನ್ ಕಾಣದ ನೇರಳಾತೀತ ಕಿರಣವನ್ನು ಹೀರಿ, ಕಾಣುವ ಬೆಳಕನ್ನು ಹೊರಸೂಸುತ್ತದೆ. ಹೀಗೆ ಹೊರಬರುವ ಬೆಳಕಿನ ಅಲೆ ಹೀರಿದ ಬೆಳಕಿನ ಅಲೆಗಿಂತ ಉದ್ದವಾಗಿರುತ್ತದೆ. 1852ರಲ್ಲಿ ಅವನು ಇದಕ್ಕೆ ಫ್ಲೋರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದ ಫ್ಲೋರೆಸೆನ್ಸ್ ಎಂದು ಹೆಸರಿಟ್ಟನು. ಕನ್ನಡದಲ್ಲಿ ಇದು ಪ್ರತಿದೀಪ್ತಿ. ಬೀಳುವ ಬೆಳಕನ್ನು ಒಂದು ಬಣ್ಣದ ಗಾಜಿನಿಂದ ಸೋಸಿ, ಹೊಮ್ಮುವ ಬೆಳಕನ್ನು ಮತ್ತೊಂದು ಬಣ್ಣದ ಗಾಜಿನ ಮೂಲಕ ನೋಡುವ ಉಪಾಯವನ್ನೂ ಅವನು ಬಳಸಿದನು.

1857ರಲ್ಲಿ ಅವನು ಮೇರಿ ರಾಬಿನ್‌ಸನ್ ಎಂಬಾಕೆಯನ್ನು ವರಿಸಿದನು. ವಿವಾಹಿತರು ಕಾಲೇಜಿನ ಫೆಲೋ ಆಗಿ ಮುಂದುವರಿಯಲು ಅಂದಿನ ನಿಯಮ ಅವಕಾಶ ಕೊಡುತ್ತಿರಲಿಲ್ಲ. ಅವನು ಆ ಸ್ಥಾನವನ್ನು ಬಿಟ್ಟುಕೊಟ್ಟನು. ನಿಯಮ ಬದಲಾದ ಮೇಲೆ, 1869ರಲ್ಲಿ, ಅದು ಅವನಿಗೆ ಮರಳಿ ದೊರೆಯಿತು.

ಈ ನಡುವೆ ಸ್ಟೋಕ್ಸನ ದೃಷ್ಟಿ ರಕ್ತದ ಕಡೆಗೆ ಹರಿದಿತ್ತು. ರಕ್ತದ ಬಣ್ಣವಸ್ತು ಆಮ್ಲಜನಕವನ್ನು ಪಡೆದಾಗ ಒಂದು ಬಗೆಯಲ್ಲಿಯೂ ಕಳೆದುಕೊಂಡಾಗ ಇನ್ನೊಂದು ಬಗೆಯಲ್ಲಿಯೂ ಬೆಳಕನ್ನು ಹೀರುವುದೆಂದು 1864ರಲ್ಲಿ ಅವನು ತೋರಿಸಿದನು. ಆಮ್ಲಜನಕವನ್ನು ಕಳೆದ ರಕ್ತದ್ರಾವಣವನ್ನು ಗಾಳಿಯೊಡನೆ ಕುಲುಕಿದರೆ ಅದು ಮೊದಲಿನ ಕೆಂಪಿಗೆ ಮರಳುತ್ತಿತ್ತು. ಬೆಳಕು, ರಕ್ತ ಎಂಬ ಈ ಎರಡು ವಿಷಯಗಳನ್ನು ಅವನು ಬೇರೆ ಬೇರೆಯಾಗಿಯೇ ಶೋಧಿಸಿದನು. ಅವೆರಡೂ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಕೂಡುವ ದಿನವನ್ನು ಅವನು ಕಾಣಲಿಲ್ಲ.

ರೋಗಪೀಡಿತವಾದ ಕರುಳಿನ ಭಾಗವನ್ನು ತೆಗೆದುಹಾಕಿದ ಮೇಲೆ ಶಸ್ತ್ರವೈದ್ಯನು ಉಳಿದ ಎರಡು ತುದಿಗಳನ್ನು ಜೋಡಿಸುತ್ತಾನೆ. ಆ ತುದಿಗಳಿಗೆ ರಕ್ತ ಸಾಕಷ್ಟು ಹರಿಯದಿದ್ದರೆ ಜೋಡಣೆ ಮಾಯುವುದಿಲ್ಲ. ಕರುಳಿನ ಹೊಲಸು ಹೊಟ್ಟೆಯೊಳಗೆ ಸೋರಿ ಪ್ರಾಣಕ್ಕೇ ಕುತ್ತು ಬರಬಹುದು. ಕರುಳಿನ ಬಣ್ಣ, ರಕ್ತನಾಳದ ಮಿಡಿತ, ಕತ್ತರಿಸಿದ ಅಂಚಿನಿಂದ ಒಸರುವ ರಕ್ತ, ಇವುಗಳನ್ನು ನೋಡಿಯೇ ವೈದ್ಯರು ಬಹುಕಾಲ ನಿರ್ಧರಿಸುತ್ತಿದ್ದರು. ಆದರೆ ನುರಿತ ಕಣ್ಣೂ ಕೆಲವೊಮ್ಮೆ ಮೋಸಹೋಗುತ್ತದೆ.

ಇಲ್ಲಿ ನೆರವಿಗೆ ಬಂದುದು ಇಂಡೋಸಯನೀನ್ ಗ್ರೀನ್ ಎಂಬ ಹಸಿರು ಬಣ್ಣವಸ್ತು. 1950ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಇದು ವೈದ್ಯರ ಬಳಕೆಗೆ ಬಂದಿತು. ರಕ್ತನಾಳಕ್ಕೆ ಚುಚ್ಚಿದೊಡನೆ ಇದು ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡು ರಕ್ತದೊಡನೆ ಸಾಗುತ್ತದೆ. ಸುಮಾರು 800 ನ್ಯಾನೋಮೀಟರ್ ಅಲೆಯುದ್ದದ ಅವಕೆಂಪು ಬೆಳಕನ್ನು ಹೀರಿ, ಸುಮಾರು 830 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಸೂಸುತ್ತದೆ. ಒಂದು ನ್ಯಾನೋಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಈ ಬೆಳಕೂ ಕಣ್ಣಿಗೆ ಕಾಣದು. ವಿಶೇಷ ಕ್ಯಾಮೆರಾ ಅದನ್ನು ಸೋಸಿ ಹಿಡಿದು ಪರದೆಯ ಮೇಲೆ ತೋರಿಸುತ್ತದೆ. ರಕ್ತ ಹರಿಯುವ ಕರುಳು ಬೆಳಗುತ್ತದೆ. ಹರಿಯದ ಭಾಗ ಕಪ್ಪಾಗಿ ಉಳಿಯುತ್ತದೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಜೋಡಿಸಬೇಕು ಎಂಬುದಕ್ಕೆ ವೈದ್ಯನಿಗೆ ಸುಳಿವು ಸಿಗುತ್ತದೆ. ಬಳಿಕ ಯಕೃತ್ತು ಆ ಬಣ್ಣವನ್ನು ಪಿತ್ತರಸದ ಮೂಲಕ ಹೊರಹಾಕುತ್ತದೆ. ಆದರೂ ಹೊಳಪೊಂದೇ ಪ್ರಮಾಣವಲ್ಲ. ಹೊತ್ತು ಕಳೆದಂತೆ ಬಣ್ಣ ಪಕ್ಕದ ಭಾಗಕ್ಕೂ ಹರಡಬಹುದಾದುದರಿಂದ ವೈದ್ಯನ ವಿವೇಚನೆ ಅತ್ಯಗತ್ಯ.

ಸ್ಟೋಕ್ಸನು 1854ರಿಂದ 1885ರವರೆಗೆ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿಯೂ, ಅನಂತರ 1890ರವರೆಗೆ ಅಧ್ಯಕ್ಷನಾಗಿಯೂ ದುಡಿದನು. ಇತರರ ಲೇಖನಗಳನ್ನು ಓದಿ ತಿದ್ದುವುದರಲ್ಲಿ ತನ್ನ ಶೋಧನೆಯ ಸಮಯವನ್ನು ಧಾರೆಯೆರೆದನು. 1903ರ ಫೆಬ್ರವರಿ 1ರಂದು, ಇನ್ನೂ ಆ ಪೀಠದಲ್ಲಿರುವಾಗಲೇ, ಕೇಂಬ್ರಿಜ್ಜಿನಲ್ಲಿ ತೀರಿಕೊಂಡನು.

ಪ್ರಯೋಜನವನ್ನು ಎಣಿಸದೆ, ಸತ್ಯವನ್ನು ತಿಳಿಯುವ ಹಂಬಲದಿಂದ ಸ್ಟೋಕ್ಸನು ಕ್ವಿನೈನಿನ ಹೊಳಪನ್ನು ದಿಟ್ಟಿಸಿದನು. ಅದರ ಫಲ ಶತಮಾನ ಕಳೆದು ರೋಗಿಗಳಿಗೆ ದಕ್ಕಿತು. ಮೇಜಿನ ಮೇಲೆ ಮಲಗಿದವನು ಸೊರಬದ ರೈತನಾಗಲಿ, ಕೇಂಬ್ರಿಜ್ಜಿನ ಪಂಡಿತನಾಗಲಿ, ಅವನ ರಕ್ತದ ಹರಿವನ್ನು ತೋರುವ ಬೆಳಕಿನ ನಿಯಮ ಒಂದೇ. ನಿಜವಾದ ಜ್ಞಾನಕ್ಕೆ ದೇಶದ ಎಲ್ಲೆಯೂ ಇಲ್ಲ, ಕಾಲದ ಎಲ್ಲೆಯೂ ಇಲ್ಲ.