ನುಡಿಸಲು ಬಾರದ ಗಿಟಾರ್ ಶಿಲ್ಪಿ ಲಿಯೋ ಫೆಂಡರ್

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ನೆಲೆಸಿರುವ ಕನ್ನಡಿಗರಾದ ನಾವು, ನೆಂಟರು ಬಂದಾಗಲೆಲ್ಲ ರಾಷ್ಟ್ರಕೂಟರ ಕೈಲಾಸವನ್ನು ತೋರಿಸಲು ಎಲ್ಲೋರಕ್ಕೆ ಕರೆದೊಯ್ಯುತ್ತೇವೆ. ಅಲ್ಲಿಯ 10ನೆಯ ಗುಹೆಯಲ್ಲಿ ಹಾಡಿದ ಸ್ವರವು ಕಮಾನಿನ ಛಾವಣಿಯಡಿ ತುಸು ಹೊತ್ತು ನಿಂತು ಕಿವಿಗೆ ಮರಳುತ್ತದೆ. ಇಂತಹ ಅನುರಣನವನ್ನು ಗಿಟಾರ್ ವಾದಕರ ಕೈಗೆಟುಕಿಸಿದವರಲ್ಲಿ ಅಮೆರಿಕದ ಲಿಯೋ ಫೆಂಡರ್ ಪ್ರಮುಖರು.

1909ರ ಆಗಸ್ಟ್ 10ರಂದು ಕ್ಯಾಲಿಫೋರ್ನಿಯಾದಲ್ಲಿ ಜನಿಸಿದ ಲಿಯೋ ಬಾಲ್ಯದಲ್ಲೇ ಒಂದು ಕಣ್ಣನ್ನು ಕಳೆದುಕೊಂಡರು. ಓದಿದ್ದು ಲೆಕ್ಕಶಾಸ್ತ್ರ, ವೃತ್ತಿಯೂ ಬ್ಯಾಂಕಿನವರಾದ ನಮ್ಮಂತೆ ಜಮಾಖರ್ಚಿನದು. ಆರ್ಥಿಕ ಮುಗ್ಗಟ್ಟಿನಲ್ಲಿ ಅದೂ ಕೈಬಿಟ್ಟಾಗ, 1938ರಲ್ಲಿ ಸಾಲ ತಂದು ಫುಲರ್ಟನ್‌ನಲ್ಲಿ ರೇಡಿಯೋ ದುರಸ್ತಿಯ ಅಂಗಡಿ ತೆರೆದರು. ಮುಂದೆ ಆಂಪ್ಲಿಫೈಯರ್‌ಗಳನ್ನೂ 1954ರಲ್ಲಿ ಪ್ರಸಿದ್ಧ ಸ್ಟ್ರಾಟೋಕ್ಯಾಸ್ಟರ್ ಗಿಟಾರನ್ನೂ ಹೊರತಂದರು. ಸ್ವತಃ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ವಾದಕರ ದೂರುಗಳನ್ನು ತಾಳ್ಮೆಯಿಂದ ಆಲಿಸಿ ತಿದ್ದುವುದೇ ಅವರ ಸಾಧನೆಯಾಗಿತ್ತು.

ಕಡಲತೀರದ ಸರ್ಫ್ ಸಂಗೀತಗಾರ ಡಿಕ್ ಡೇಲ್ ಅವರ ಅಬ್ಬರಕ್ಕೆ ಆಂಪ್ಲಿಫೈಯರ್‌ಗಳೇ ಸುಟ್ಟುಹೋಗುತ್ತಿದ್ದವು. ಲಿಯೋ ಬೇಸರಿಸದೆ ಇನ್ನಷ್ಟು ಗಟ್ಟಿಯಾದವನ್ನು ರೂಪಿಸಿಕೊಟ್ಟರು. 1961ರಲ್ಲಿ ಅವರ ಸಂಸ್ಥೆ ತಂದ ರಿವರ್ಬ್ ಪೆಟ್ಟಿಗೆಯಲ್ಲಿ ಸ್ವರವು ಉಕ್ಕಿನ ಸ್ಪ್ರಿಂಗ್‌ಗಳ ಮೂಲಕ ಸಾಗಿ, ತುದಿಯಲ್ಲಿ ಪುಟಿದು, ಗುಂಗಿನೊಡನೆ ಮರಳುತ್ತಿತ್ತು. ಸರ್ಫ್ ಸಂಗೀತಕ್ಕೆ ಅದೇ ಗುರುತಾಯಿತು.

ಅನಾರೋಗ್ಯದ ಕಾರಣ 1965ರಲ್ಲಿ ಸಂಸ್ಥೆಯನ್ನು 1.3 ಕೋಟಿ ಡಾಲರಿಗೆ ಮಾರಿದರೂ ಲಿಯೋ ಕೆಲಸವನ್ನು ಬಿಡಲಿಲ್ಲ. 1991ರ ಮಾರ್ಚ್ 21ರಂದು ನಿಧನರಾದರು.

ಇಂದಿನ ಡಿಜಿಟಲ್ ಮಾಡೆಲಿಂಗ್ ಆಂಪ್ಲಿಫೈಯರ್‌ಗಳಲ್ಲಿ ಸ್ಪ್ರಿಂಗ್ ಇಲ್ಲ. ಅದರ ಗುಂಗನ್ನು ಗಣಿತವೇ ಅನುಕರಿಸುತ್ತದೆ. ನೆರೆಮನೆಯವರಿಗೆ ತೊಂದರೆಯಾಗದಂತೆ ಹೆಡ್‌ಫೋನ್ ಧರಿಸಿ ನಮ್ಮ ಮಕ್ಕಳು ರಿವರ್ಬ್ ಗುಂಡಿಯನ್ನು ತಿರುಗಿಸುವಾಗ, ಕೆಲಸ ಕಳೆದುಕೊಂಡೂ ಕಿವಿಯನ್ನು ನಂಬಿ ಬದುಕು ಕಟ್ಟಿದ ಆ ಲೆಕ್ಕಿಗನ ಕಥೆಯನ್ನೂ ಅವರಿಗೆ ಹೇಳೋಣ.