ವೇಗದ ಮುಳ್ಳಿನ ಹಿಂದೆ ಹೆನ್ರಿ ಪಿಟೊ

ವಿಮಾನ ಕಟ್ಟುವ ಕಂಪ್ಯೂಟರ್ ಆಟ ಆಡುವವರು ನಮ್ಮ ತರಗತಿಗಳಲ್ಲೂ ಇದ್ದಾರೆ. ರೆಕ್ಕೆ, ಎಂಜಿನ್ ಜೋಡಿಸುವುದು ಸುಲಭ. ತಾವೇ ಮಾಡಿದ ವೇಗದ ಡಯಲ್‌ನ ಮುಳ್ಳನ್ನು ಸರಿಯಾದ ಅಂಕಿಯ ಮೇಲೆ ನಿಲ್ಲಿಸುವುದೇ ಕಷ್ಟ. ನಿಜವಾದ ವಿಮಾನದಲ್ಲಿ ಆ ಮುಳ್ಳನ್ನು ನಡೆಸುವುದು ಒಂದು ಸಣ್ಣ ಕೊಳವೆ. ಅದನ್ನು ಕಂಡುಹಿಡಿದವರು ವಿಮಾನವನ್ನೇ ನೋಡದ ಹೆನ್ರಿ ಪಿಟೊ.

ಪಿಟೊ ಅವರು 1695ರಲ್ಲಿ ಫ್ರಾನ್ಸಿನ ಅರಮೋನ್ ಎಂಬ ಊರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಅವರಿಗೆ ಓದು ಎಂದರೆ ಆಗುತ್ತಿರಲಿಲ್ಲ. ಕೊನೆಗೆ ಸೈನ್ಯಕ್ಕೆ ಸೇರಿದರು. ಗ್ರೆನೋಬ್ಲ್ ನಗರದ ಪುಸ್ತಕದಂಗಡಿಯಲ್ಲಿ ಸಿಕ್ಕ ಒಂದು ರೇಖಾಗಣಿತದ ಪುಸ್ತಕ ಅವರ ಬದುಕನ್ನೇ ತಿರುಗಿಸಿತು. ಸೈನ್ಯ ಬಿಟ್ಟು ಮನೆಗೆ ಮರಳಿ ಗಣಿತ, ಖಗೋಳಶಾಸ್ತ್ರ ಕಲಿತರು. 1718ರಲ್ಲಿ ಪ್ಯಾರಿಸ್‌ಗೆ ಹೋದರು. 1724ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಗೆ ಸೇರಿದರು.

ನದಿಯ ಆಳಕ್ಕೆ ಹೋದಂತೆ ನೀರಿನ ವೇಗ ಹೆಚ್ಚುತ್ತದೆ ಎಂದು ಆಗ ಅನೇಕರು ನಂಬಿದ್ದರು. ಪಿಟೊ ಅವರು ನಂಬಿಕೆಯನ್ನು ಅಳೆದು ನೋಡಲು ಹೊರಟರು. ಒಂದು ನೇರ ಕೊಳವೆ, ತುದಿ ಬಾಗಿದ ಇನ್ನೊಂದು ಕೊಳವೆ, ಎರಡನ್ನೂ ಮರದ ಪಟ್ಟಿಗೆ ಜೋಡಿಸಿದರು. ಬಾಗಿದ ತುದಿಯನ್ನು ಹರಿವಿಗೆ ಎದುರಾಗಿ ಹಿಡಿದರೆ ಆ ಕೊಳವೆಯಲ್ಲಿ ನೀರು ಮೇಲೇರುತ್ತದೆ. ಎರಡೂ ಮಟ್ಟಗಳ ಅಂತರವೇ ವೇಗದ ಲೆಕ್ಕ. 1732ರಲ್ಲಿ ಸೇನ್ ನದಿಯಲ್ಲಿ ಅಳೆದಾಗ ಹಳೆಯ ನಂಬಿಕೆ ತಪ್ಪೆಂದು ತಿಳಿಯಿತು. ನಾವು ಪಾಠದಲ್ಲಿ ಓದುವ ಬರ್ನೌಲಿಯವರ ಗ್ರಂಥ ಪ್ರಕಟವಾದದ್ದು 1738ರಲ್ಲಿ, ಅಂದರೆ ಅದಕ್ಕೂ ಆರು ವರ್ಷ ನಂತರ!

ಲಕ್ಕವಳ್ಳಿಯ ಭದ್ರಾ ನಾಲೆಯನ್ನು ನೆನೆಯಿರಿ. ನೀರು ಸೆಕೆಂಡಿಗೆ 1 ಮೀಟರ್ ಹರಿದರೆ ಕೊಳವೆಯಲ್ಲಿ ಸುಮಾರು 5 ಸೆಂ.ಮೀ. ಏರುತ್ತದೆ; 2 ಮೀಟರ್ ಹರಿದರೆ 10 ಅಲ್ಲ, ಸುಮಾರು 20 ಸೆಂ.ಮೀ. ವೇಗ ಎರಡು ಪಟ್ಟಾದರೆ ಒತ್ತಡದ ಅಂತರ ನಾಲ್ಕು ಪಟ್ಟು. ಡಯಲ್ ಮಾಡುವವರು ಎಡವುವುದು ಇಲ್ಲೇ. ಇನ್ನೊಂದು ತೊಡಕೂ ಇದೆ. ಸುಮಾರು 6,700 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಅರ್ಧಕ್ಕೆ ಇಳಿಯುವುದರಿಂದ, ನಿಜವಾದ ವೇಗ ಗಂಟೆಗೆ 400 ಕಿ.ಮೀ. ಇದ್ದರೂ ಮುಳ್ಳು ಸುಮಾರು 283 ತೋರಿಸುತ್ತದೆ.

1740ರಲ್ಲಿ ಪಿಟೊ ಅವರು ತಮ್ಮ ಸೀಮೆಗೆ ಎಂಜಿನಿಯರ್ ಆಗಿ ಮರಳಿದರು. ಸೇತುವೆ ಕಟ್ಟಿಸಿದರು, ಮಾಂಟ್‌ಪೆಲಿಯೆ ನಗರಕ್ಕೆ ದೂರದ ಚಿಲುಮೆಯಿಂದ ಕುಡಿಯುವ ನೀರು ತರುವ ಮೇಲ್ಗಾಲುವೆ ರೂಪಿಸಿದರು. 1771ರಲ್ಲಿ ಹುಟ್ಟೂರಿನಲ್ಲೇ ನಿಧನರಾದರು.

ಮುಂದೆ ಜರ್ಮನಿಯ ಪ್ರಾಂಟ್ಲ್ ಅವರು ಎರಡು ಕೊಳವೆಗಳನ್ನು ಒಂದರೊಳಗೆ ಸೇರಿಸಿ ಉಪಕರಣವನ್ನು ಉತ್ತಮಪಡಿಸಿದರು. ಅವರ ಶಿಷ್ಯರಾದ ಡಾ. ವಿ. ಎಂ. ಘಾಟಗೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿನ್ಯಾಸಗೊಳಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು.

ಆಟದಲ್ಲಿ ಮುಳ್ಳು ತಪ್ಪಿದರೆ ಮತ್ತೆ ಶುರುಮಾಡಬಹುದು. ಆಕಾಶದಲ್ಲಿ ಹಾಗಲ್ಲ. 2009ರಲ್ಲಿ ಅಟ್ಲಾಂಟಿಕ್ ಮೇಲೆ ಹಾರುತ್ತಿದ್ದ ಏರ್ ಫ್ರಾನ್ಸ್ ವಿಮಾನದ ಪಿಟೊ ಕೊಳವೆಗಳಿಗೆ ಮಂಜುಗಡ್ಡೆ ಕಟ್ಟಿ ವೇಗದ ಅಂಕಿಗಳು ತಪ್ಪಿದವು. ನಂತರ ವಿಮಾನ ಹತೋಟಿ ತಪ್ಪಿ 228 ಜನ ಪ್ರಾಣ ಕಳೆದುಕೊಂಡರು. ಅಳತೆ ಸರಿಯಿರಬೇಕು ಎನ್ನುವುದು ಬರೀ ಪರೀಕ್ಷೆಯ ಅಂಕಕ್ಕಲ್ಲ.

ಓದು ತಲೆಗೆ ಹತ್ತುವುದಿಲ್ಲ ಎಂದು ಕೈಚೆಲ್ಲಿದ ಗೆಳೆಯರು ಇದ್ದರೆ ಅವರಿಗೆ ಪಿಟೊ ಅವರ ಕಥೆ ಹೇಳಿ. ನಮ್ಮ ಗ್ರಂಥಾಲಯದಲ್ಲೂ ರೇಖಾಗಣಿತದ ಪುಸ್ತಕಗಳಿವೆ.